ಹಿತ್ತಲ ಹೇಂಟೆಗಳ ಜೊತೆ ಹುಂಜ ಬೇಕೇ, ಬೇಡವೇ? ಮಂಗಳೂರು-ಉಡುಪಿಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬಿಜೈ, ಕುಲಶೇಖರ, ದೇರೆಬೈಲು, ಉಡುಪಿಯ ಸಂತೆಕಟ್ಟೆ, ಮಣಿಪಾಲದ ಆಸುಪಾಸು ಎಲ್ಲೇ ನೋಡಿ, ಐದು-ಹತ್ತು ಸೆಂಟ್ಸ್ ಜಾಗದ ಮನೆಗಳ ಹಿತ್ತಲಲ್ಲೂ ನಾಲ್ಕಾರು ಕೋಳಿ ಸಾಕುವವರಿದ್ದಾರೆ. ಹೇಂಟೆಗಳ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಮಾತು ಬೆಳೆಯುವುದು ಹುಂಜದ ಬಳಿಗೆ ಬಂದಾಗ. ಹುಂಜವಿಲ್ಲದೆ ಅದೆಂಥ ಕೋಳಿ ಸಾಕಣೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ನಸುಕಿನ ಕೂಗನ್ನು ನೆನೆದು ಪಕ್ಕದ ಮನೆಯವರು ಸುಮ್ಮನಾಗುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುಂಜ ಬಂದರೆ ಮರಿಗಳಾಗುತ್ತವೆ, ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡೇ ಆಗಿರುತ್ತವೆ. ಹಾಗಾಗಿ ಒಂದು ಹುಂಜವನ್ನು ಸಾಕಬೇಕೇ ಎಂದು ಯೋಚಿಸುವವರು ಮುಂದಿನ ವರ್ಷ ಹಿತ್ತಲಲ್ಲಿ ಬೆಳೆಯುವ ಏಳೆಂಟು ಎಳೆ ಹುಂಜಗಳನ್ನು ಏನು ಮಾಡುವುದು ಎಂಬುದನ್ನು ಈಗಲೇ ತೀರ್ಮಾನಿಸಬೇಕು. ಅದಕ್ಕೆ ಉತ್ತರ ಇಲ್ಲದ ಮನೆಗೆ ಹುಂಜ ಬೇಡ. ಉತ್ತರ ಇರುವವರಿಗೆ ಉಳಿದದ್ದೆಲ್ಲ ಲೆಕ್ಕಾಚಾರ ಮತ್ತು ಆರೈಕೆಯ ಮಾತು.

ಹೆಜ್ಜೆ 1: ಹುಂಜ ಯಾತಕ್ಕೆ ಎಂದು ಸ್ಪಷ್ಟಪಡಿಸಿಕೊಳ್ಳಿ

ಮೊಟ್ಟೆಗಾಗಿ ಎನ್ನುವುದಾದರೆ ಹುಂಜದ ಅಗತ್ಯವೇ ಇಲ್ಲ. ಹೇಂಟೆ ತನ್ನ ವಯಸ್ಸು, ತಳಿ, ಆಹಾರ ಮತ್ತು ಹಗಲಿನ ಬೆಳಕಿಗೆ ತಕ್ಕಂತೆ ಮೊಟ್ಟೆ ಇಡುತ್ತದೆ. ಹುಂಜ ಬಂದ ಮಾತ್ರಕ್ಕೆ ಒಂದು ಮೊಟ್ಟೆಯೂ ಹೆಚ್ಚಾಗುವುದಿಲ್ಲ. ಹುಂಜ ಕೂಡಿದ ಮೊಟ್ಟೆಯಲ್ಲಿ ಪೌಷ್ಟಿಕಾಂಶ ಹೆಚ್ಚು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಅದಕ್ಕೆ ಆಧಾರವಿಲ್ಲ. ಊರ ಕೋಳಿಯ ಮೊಟ್ಟೆಯ ಹಳದಿಗೆ ಆ ಗಾಢ ಬಣ್ಣ ಬರುವುದು ಅದು ತಿನ್ನುವ ಸೊಪ್ಪು, ಹುಲ್ಲು, ಮೆಕ್ಕೆಜೋಳದಿಂದ.

ಮರಿಗಾಗಿ ಎನ್ನುವುದು ನ್ಯಾಯವಾದ ಕಾರಣ. ಆದರೆ ಹುಂಜವನ್ನು ಸಾಕದೆಯೂ ಮರಿ ಮಾಡಿಸಬಹುದು. ಆ ದಾರಿಯನ್ನು ಮುಂದೆ ಹೇಳುತ್ತೇನೆ.

ಕಾವಲಿಗಾಗಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಳ್ಳೆಯ ಹುಂಜ ಮೇಯುವಾಗಲೂ ಆಗಾಗ ತಲೆಯೆತ್ತಿ ನೋಡುತ್ತಿರುತ್ತದೆ. ಆಕಾಶದಲ್ಲಿ ಗಿಡುಗ ಕಂಡರೆ ಅದು ಒಂದು ಬಗೆಯ ಸದ್ದು ಮಾಡುತ್ತದೆ, ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಬೇರೆಯೇ ಬಗೆಯ ಸದ್ದು. ಹೇಂಟೆಗಳಿಗೆ ಎರಡರ ವ್ಯತ್ಯಾಸವೂ ತಿಳಿಯುತ್ತದೆ: ಮೊದಲನೆಯದಕ್ಕೆ ಪೊದೆಯಡಿ ಅಡಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ಎಚ್ಚರಗೊಳ್ಳುತ್ತವೆ. ತಿನ್ನಲು ಏನಾದರೂ ಸಿಕ್ಕರೆ ಹುಂಜ ಕರೆದು ಕೊಡುತ್ತದೆ, ಹೇಂಟೆಗಳ ನಡುವಿನ ಕಚ್ಚಾಟವನ್ನೂ ಬಿಡಿಸುತ್ತದೆ. ಇವೆಲ್ಲ ನಿಜ, ನೋಡಲು ಚೆಂದವೂ ಹೌದು. ಆದರೆ ನಮ್ಮ ಊರುಗಳಲ್ಲಿ ಕೋಳಿ ಹೋಗುವುದು ಹೆಚ್ಚಾಗಿ ರಾತ್ರಿ. ಹೆಬ್ಬಾವು, ಕಾಡುಬೆಕ್ಕು, ಪುನುಗು ಬೆಕ್ಕುಗಳ ಎದುರು ಹುಂಜ ಏನೂ ಮಾಡಲಾರದು. ಕತ್ತಲಲ್ಲಿ ಅದಕ್ಕೆ ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಕಾಯುವುದು ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಮತ್ತು ಸಂಜೆ ತಪ್ಪದೆ ಹಾಕುವ ಚಿಲಕ. ಷಟ್ಕೋನ ಕಣ್ಣಿನ ತೆಳು ತಂತಿಬಲೆಯನ್ನು ನಾಯಿ ಹರಿಯುತ್ತದೆ, ದೊಡ್ಡ ಕಣ್ಣಿನ ಬಲೆಯೊಳಗೆ ಹಾವು ನುಸುಳುತ್ತದೆ.

ದೈವದ ತಂಬಿಲಕ್ಕೋ ಹರಕೆಗೋ ವರ್ಷಕ್ಕೊಮ್ಮೆ ಹುಂಜ ಬೇಕಾಗುವ ಮನೆಗಳಿವೆ. ಅದಕ್ಕಾಗಿ ವರ್ಷವಿಡೀ ಹುಂಜ ಸಾಕಬೇಕಾಗಿಲ್ಲ. ಆ ಹೊತ್ತಿಗೆ ಹಳ್ಳಿಯ ಮನೆಯಿಂದ ತರುವುದೇ ರೂಢಿ. ಇನ್ನು ನೋಡಲು ಚೆಂದ, ಕೂಗು ಕೇಳಲು ಇಷ್ಟ ಎನ್ನುವುದೂ ಕಾರಣವೇ. ಅದನ್ನು ಮುಚ್ಚಿಟ್ಟು ಮೊಟ್ಟೆ, ಕಾವಲು ಎಂದು ಹೇಳಿಕೊಳ್ಳಬೇಡಿ. ಇಷ್ಟಕ್ಕಾಗಿ ಸಾಕುವವರು ಇಷ್ಟದ ಬೆಲೆಯನ್ನೂ ಲೆಕ್ಕ ಹಾಕಿದರೆ ಸಾಕು.

ಹೆಜ್ಜೆ 2: ಜಾಗವನ್ನು ಸದ್ದಿನ ಲೆಕ್ಕದಲ್ಲಿ ಅಳೆಯಿರಿ

ಹುಂಜ ಬೆಳಕಿಗಾಗಿ ಕಾದು ಕೂಗುವುದಿಲ್ಲ. ಅದರ ದೇಹದೊಳಗೇ ಗಡಿಯಾರವಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಬೆಳಗಿನ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದವು. ಅದರ ಮೇಲೆ ಬೀದಿದೀಪ, ವಾಹನದ ಬೆಳಕು, ಪಕ್ಕದ ಬೀದಿಯ ಹುಂಜದ ಕೂಗು ಸೇರಿದರೆ ನಸುಕಿನ ನಾಲ್ಕಕ್ಕೇ ಶುರು. ಹಗಲಿಡೀ ಕೂಗು ಇದ್ದೇ ಇರುತ್ತದೆ, ಆದರೆ ಯಾರನ್ನೂ ಕೆರಳಿಸುವುದು ಆ ನಸುಕಿನದೇ.

ಲೆಕ್ಕ ಹೀಗಿದೆ. ಒಂದು ಮೀಟರ್ ದೂರದಲ್ಲಿ ಹುಂಜದ ಕೂಗು ಸುಮಾರು 90 ಡೆಸಿಬಲ್ ಎಂದು ಇಟ್ಟುಕೊಳ್ಳಿ. ದೊಡ್ಡ ಹುಂಜದ್ದು ಅದಕ್ಕಿಂತ ಹೆಚ್ಚು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಐದು ಸೆಂಟ್ಸ್ ಎಂದರೆ ಸುಮಾರು 202 ಚದರ ಮೀಟರ್, ಅಂದರೆ ಚೌಕಾಕಾರದ ಜಾಗವಾದರೆ 14 ಮೀಟರ್ ಬದಿ. ಗೂಡನ್ನು ನಟ್ಟನಡುವೆ ಇಟ್ಟರೂ ಗಡಿಗೆ ಏಳೇ ಮೀಟರ್. ಅಲ್ಲಿ 73 ಡೆಸಿಬಲ್ ತಲುಪುತ್ತದೆ. ಹತ್ತು ಸೆಂಟ್ಸ್‌ನಲ್ಲಿ ಗಡಿ 10 ಮೀಟರ್ ದೂರ, 70 ಡೆಸಿಬಲ್. ಇಪ್ಪತ್ತೈದು ಸೆಂಟ್ಸ್‌ನಲ್ಲಿ 66. ಒಂದು ಎಕರೆ ತೋಟದ ನಡುವೆ ಇಟ್ಟರೂ ಗಡಿಯಲ್ಲಿ 60. ಬಾಳೆ, ದಾಸವಾಳದ ಸಾಲು ಸದ್ದನ್ನು ತಡೆಯುತ್ತದೆ ಎಂದು ನಂಬಬೇಡಿ. ಗಿಡಗಳು ಕಣ್ಣಿಗೆ ಮರೆ, ಕಿವಿಗೆ ಅಷ್ಟಾಗಿ ಅಲ್ಲ. ಕೆಂಪು ಕಲ್ಲಿನ ಎತ್ತರದ ಗೋಡೆ ಸ್ವಲ್ಪ ತಡೆಯುತ್ತದೆ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ; ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಆ ಮಿತಿ ಒಂದು ಅವಧಿಯ ಸರಾಸರಿ ಸದ್ದಿಗೆ ಸಂಬಂಧಿಸಿದ್ದು, ಒಂದು ಕೂಗಿಗೆ ನೇರವಾಗಿ ಹಾಕುವ ಅಳತೆಯಲ್ಲ. ಆದರೂ ನಸುಕಿನ ನಿಶ್ಶಬ್ದದಲ್ಲಿ 70 ಡೆಸಿಬಲ್ ಏನು ಮಾಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸೂಚನೆ. ಸೆಕೆಗಾಲದಲ್ಲಿ ನಮ್ಮಲ್ಲಿ ಕಿಟಕಿ ಮುಚ್ಚಿ ಮಲಗುವವರು ಕಡಿಮೆ ಎಂಬುದನ್ನೂ ಮರೆಯಬೇಡಿ.

ನನ್ನ ಗೆರೆ ಇದು: ಪೇಟೆಯ ನಡುವೆ ಹತ್ತು ಸೆಂಟ್ಸ್‌ಗಿಂತ ಕಡಿಮೆ ಜಾಗ ಇದ್ದರೆ ಹುಂಜ ಬೇಡ. ಹತ್ತರಿಂದ ಇಪ್ಪತ್ತೈದು ಸೆಂಟ್ಸ್‌ಗೆ ನೆರೆಹೊರೆಯವರ ಒಪ್ಪಿಗೆಯೇ ಉತ್ತರ. ಮೂಡುಬಿದಿರೆ, ಕಾರ್ಕಳ, ಬ್ರಹ್ಮಾವರದ ಕಡೆಯ ತೋಟದ ಮನೆಗಳಿಗೆ ಸದ್ದಿನ ಚಿಂತೆ ಅಷ್ಟಿಲ್ಲ. ಅಲ್ಲಿ ಯೋಚಿಸಬೇಕಾದದ್ದು ನಾಲ್ಕನೇ ಹೆಜ್ಜೆ.

ಹೆಜ್ಜೆ 3: ಹುಂಜ ತರುವ ಮೊದಲು ಬೇಲಿಯಾಚೆ ಮಾತನಾಡಿ

ಬಂದ ಮೇಲೆ ಕ್ಷಮೆ ಕೇಳುವುದಕ್ಕಿಂತ ಮೊದಲೇ ಹೋಗಿ ಕೇಳುವುದು ಮರ್ಯಾದೆ. ಎಡ, ಬಲ, ಹಿಂದೆ, ರಸ್ತೆಯಾಚೆ, ನಾಲ್ಕೂ ಮನೆಗಳಿಗೆ ಹೋಗಿ. ಅಲ್ಲಿ ಹಸುಗೂಸು ಇದೆಯೇ, ಕಾಯಿಲೆಯವರಿದ್ದಾರೆಯೇ, ರಾತ್ರಿ ಪಾಳಿಯ ಕೆಲಸ ಮುಗಿಸಿ ಬಂದು ಹಗಲು ಮಲಗುವ ನರ್ಸ್ ಅಥವಾ ಐಟಿ ಉದ್ಯೋಗಿ ಇದ್ದಾರೆಯೇ ಎಂದು ತಿಳಿದುಕೊಳ್ಳಿ. "ತೊಂದರೆಯೇನೂ ಇಲ್ಲ ಮಾರಾಯರೇ" ಎಂದು ಸಂಕೋಚಕ್ಕೆ ಹೇಳುವವರೂ ಇರುತ್ತಾರೆ. ಅದಕ್ಕೇ ಒಪ್ಪಿಗೆಯನ್ನು ಒಂದು ತಿಂಗಳ ಅವಧಿಗೆ ಮಾತ್ರ ಕೇಳಿ: ತಿಂಗಳಾದ ಮೇಲೆ ನಾನೇ ಬಂದು ಕೇಳುತ್ತೇನೆ, ಕಷ್ಟವಾದರೆ ಹೇಳಿ, ಕಳುಹಿಸುತ್ತೇನೆ ಎಂದು. ಆ ಮಾತಿಗೆ ತಪ್ಪದೆ ಹೋಗಿ ಕೇಳಿ.

ಫ್ಲ್ಯಾಟ್ ಅಥವಾ ಬಡಾವಣೆಯ ಸಂಘವಿದ್ದರೆ ಅದರ ನಿಯಮ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ನಗರ ವ್ಯಾಪ್ತಿಯಲ್ಲಿದ್ದರೆ ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ವಿಭಾಗದಲ್ಲಿ, ಹಳ್ಳಿಯಲ್ಲಾದರೆ ಪಂಚಾಯತ್‌ನಲ್ಲಿ ವಿಚಾರಿಸಿ.

ಹೆಜ್ಜೆ 4: ಹುಟ್ಟಲಿರುವ ಹುಂಜಗಳ ಗತಿಯನ್ನು ಈಗಲೇ ನಿರ್ಧರಿಸಿ

ಒಂದು ಊರ ಹೇಂಟೆಯಡಿ 12 ಮೊಟ್ಟೆ ಕಾವಿಗಿಟ್ಟು 10 ಮರಿಯಾದವು ಎಂದುಕೊಳ್ಳಿ. ಕಾಗೆ, ಮುಂಗುಸಿ, ರೋಗ ತಪ್ಪಿಸಿ ಎಂಟು ಬದುಕಿದರೆ ನಾಲ್ಕು ಹುಂಜ. ವರ್ಷಕ್ಕೆ ಎರಡು ಬಾರಿ ಮರಿ ಮಾಡಿಸಿದರೆ ಎಂಟು. ಎರಡು ತಿಂಗಳಿಗೆ ಜುಟ್ಟು ಕೆಂಪಾಗಿ ಎದ್ದು ಕಾಣುತ್ತದೆ, ಮೂರು ತಿಂಗಳಿಗೆ ಕುತ್ತಿಗೆ ಮತ್ತು ಬೆನ್ನ ಹಿಂಭಾಗದಲ್ಲಿ ಚೂಪು ಗರಿಗಳು ಬರುತ್ತವೆ, ನಾಲ್ಕೈದು ತಿಂಗಳಿಗೆ ಒಡಕು ದನಿಯ ಕೂಗು ಶುರುವಾಗುತ್ತದೆ. ಅಲ್ಲಿಂದ ಅವು ಒಂದರ ಮೇಲೊಂದು ಬೀಳುತ್ತವೆ, ಹೇಂಟೆಗಳನ್ನು ಅಟ್ಟಾಡಿಸುತ್ತವೆ. ಸಣ್ಣ ಹಿತ್ತಲಲ್ಲಿ ಹೇಂಟೆಗಳಿಗೆ ಓಡಲು ಜಾಗವಿರುವುದಿಲ್ಲ. ಬೆನ್ನಿನ ಗರಿ ಹೋಗಿ ಚರ್ಮ ಕಾಣುತ್ತದೆ, ಗಾಯವಾಗುತ್ತದೆ.

ದಾರಿಗಳು ಮೂರೇ. ಮೊದಲನೆಯದು ಮನೆಯ ಅಡುಗೆ. ಐದಾರು ತಿಂಗಳ ಊರ ಹುಂಜಕ್ಕೆ ಕರಾವಳಿಯಲ್ಲಿ ಬೆಲೆಯೂ ಇದೆ, ಕೋರಿ ರೊಟ್ಟಿಗೆ ಅದರ ರುಚಿಯೇ ಬೇರೆ. ಮಾಂಸ ತಿನ್ನುವ ಮನೆಯವರು ಇದನ್ನು ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪಬೇಕು, ಮಕ್ಕಳು ಹೆಸರಿಟ್ಟು ಮುದ್ದಿಸಿದ ಮೇಲೆ ತೀರ್ಮಾನಿಸಲು ಹೊರಟರೆ ಮನೆಯೇ ಎರಡಾಗುತ್ತದೆ. ಎರಡನೆಯದು ಮಾರಾಟ. ಮೂರನೆಯದು ಹಳ್ಳಿಯ ಪರಿಚಯಸ್ಥರಿಗೆ ಕೊಡುವುದು. ಆದರೆ ಅವರಿಗೂ ತಮ್ಮದೇ ಹೆಚ್ಚುವರಿ ಹುಂಜಗಳಿರುತ್ತವೆ ಎಂಬುದನ್ನು ನೆನಪಿಡಿ.

ಮಾರುವಾಗ ಒಂದು ಎಚ್ಚರ ಬೇಕು. ಎತ್ತರದ ಕಾಲು, ಗಟ್ಟಿ ಎದೆಯ ಹುಂಜವನ್ನು ಬಣ್ಣ, ಕಣ್ಣು ನೋಡಿ ದುಪ್ಪಟ್ಟು ಬೆಲೆಗೆ ಕೇಳುವವರು ಬಂದರೆ ಅದು ಹೆಚ್ಚಾಗಿ ಕೋಳಿ ಅಂಕಕ್ಕೆ. ಕಾಲಿಗೆ ಕತ್ತಿ ಕಟ್ಟಿಸಿಕೊಂಡು ಸಾಯಲು ನೀವು ಅದನ್ನು ಬೆಳೆಸಿದ್ದಲ್ಲ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಬೆಲೆ ಎಷ್ಟೇ ಹೇಳಲಿ, ಕೊಡಬೇಡಿ.

ಈ ಮೂರು ದಾರಿಯೂ ಆಗದು ಎನ್ನುವ ಸಸ್ಯಾಹಾರಿ ಮನೆಯವರು ಹುಂಜವನ್ನು ಸಾಕಬಹುದೇ? ಸಾಕಬಹುದು, ಮರಿ ಮಾಡಿಸದಿದ್ದರೆ. ಅದಕ್ಕೆ ಐದನೇ ಹೆಜ್ಜೆಯ ಶಿಸ್ತು ಬೇಕು.

ಹೆಜ್ಜೆ 5: ಹುಂಜವಿದ್ದರೆ ಮೊಟ್ಟೆಯನ್ನು ದಿನವೂ ಎತ್ತಿಡಿ

ಕರಾವಳಿಯವರಿಗೆ ಇದು ಬೇರೆ ಊರಿನವರಿಗಿಂತ ಮುಖ್ಯ. ಫಲಿತ ಮೊಟ್ಟೆಯೊಳಗಿನ ಭ್ರೂಣ ಸುಮಾರು 20ರಿಂದ 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಧಾನವಾಗಿ ಬೆಳೆಯತೊಡಗುತ್ತದೆ. ಸರಿಯಾದ ಕಾವು ಎಂದರೆ 37.5 ಡಿಗ್ರಿ. ನಮ್ಮಲ್ಲಿ ಚಳಿಗಾಲದ ರಾತ್ರಿಯೂ 20ರ ಆಚೀಚೆ. ಏಪ್ರಿಲ್-ಮೇ ಹಗಲಂತೂ 33-34 ಡಿಗ್ರಿ. ಹೀಗಿರುವಾಗ ಗೂಡಿನಲ್ಲಿ ಎರಡು ಮೂರು ದಿನ ಬಿಟ್ಟ ಫಲಿತ ಮೊಟ್ಟೆ ತಿನ್ನಲು ಮನಸ್ಸಾಗದಂತೆ ಆಗಬಹುದು. ಹೇಂಟೆ ಅದರ ಮೇಲೆ ಕಾವಿಗೆ ಕೂತರೆ ಇನ್ನೂ ಬೇಗ. ದಿನಕ್ಕೆರಡು ಬಾರಿ ಮೊಟ್ಟೆ ತೆಗೆದು, ಅದೇ ದಿನ ಫ್ರಿಜ್‌ನಲ್ಲಿಟ್ಟರೆ ಬೆಳವಣಿಗೆ ನಿಲ್ಲುತ್ತದೆ.

ಹಳದಿಯ ಮೇಲೆ ಕಾಣುವ ರಕ್ತದ ಚುಕ್ಕೆಯನ್ನು ನೋಡಿ ಮರಿಯಾಗುತ್ತಿತ್ತು ಎಂದು ಹೆದರುವವರಿದ್ದಾರೆ. ಮೊಟ್ಟೆ ರೂಪುಗೊಳ್ಳುವಾಗ ಸಣ್ಣ ರಕ್ತನಾಳ ಒಡೆದದ್ದರ ಗುರುತು ಅದು. ಹುಂಜವೇ ಇಲ್ಲದ ಮನೆಯ ಮೊಟ್ಟೆಯಲ್ಲೂ ಬರುತ್ತದೆ. ಫಲಿತವೋ ಅಲ್ಲವೋ ಎಂದು ತಿಳಿಯಲು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಬೇಕು. ಫಲಿತವಾಗದ್ದಾದರೆ ಅಂಚು ಸರಿಯಿಲ್ಲದ ಚಿಕ್ಕ ಬಿಳಿ ಕಲೆ, ಫಲಿತವಾಗಿದ್ದರೆ ದುಂಡಗಿನ ಉಂಗುರದೊಳಗೆ ಚುಕ್ಕೆ.

ಹೆಜ್ಜೆ 6: ಹುಂಜವಿಲ್ಲದೆ ಮರಿ ಮಾಡಿಸುವ ದಾರಿಯನ್ನು ಮೊದಲು ನೋಡಿ

ಪೇಟೆಯ ಹಿತ್ತಲಿಗೆ ನಾನು ಸೂಚಿಸುವುದು ಇದನ್ನೇ. ಊರ ಹೇಂಟೆ ಕಾವಿಗೆ ಕೂತಾಗ, ಹುಂಜವಿರುವ ಹಳ್ಳಿ ಮನೆಯಿಂದ ಒಂದು ವಾರದೊಳಗಿನ, ತೊಳೆಯದ, ಬಿರುಕಿಲ್ಲದ ಹತ್ತು ಹನ್ನೆರಡು ಮೊಟ್ಟೆ ತನ್ನಿ. ಹೊಟ್ಟು ತುಂಬಿದ ಡಬ್ಬಿಯಲ್ಲಿ ಚೂಪು ತುದಿ ಕೆಳಗೆ ಬರುವಂತೆ ಇಟ್ಟು, ಬಿಸಿಲಿಗೆ ಬೀಳದಂತೆ ತರಬೇಕು. ಮನೆಗೆ ಬಂದ ಮೇಲೆ ಅರ್ಧ ದಿನ ಅಲುಗಾಡಿಸದೆ ಇಟ್ಟು, ರಾತ್ರಿ ಹೇಂಟೆಯಡಿ ಸೇರಿಸಿ. ಪೆನ್ಸಿಲ್‌ನಿಂದ ಗುರುತು ಹಾಕಿದರೆ ಆಮೇಲೆ ಬೇರೆ ಹೇಂಟೆ ಇಟ್ಟ ಮೊಟ್ಟೆಗಳನ್ನು ಬೇರ್ಪಡಿಸಬಹುದು. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿ: ಜೇಡರ ಬಲೆಯಂತೆ ಎಳೆಗಳು ಕಂಡರೆ ಜೀವವಿದೆ, ಖಾಲಿ ಕಂಡದ್ದನ್ನು ತೆಗೆದುಬಿಡಿ. 21ನೇ ದಿನಕ್ಕೆ ಮರಿ.

ಗಿರಿರಾಜ, ಸ್ವರ್ಣಧಾರ, ಕಾವೇರಿಯಂಥ ಸುಧಾರಿತ ತಳಿಯ ಹೇಂಟೆಗಳನ್ನೇ ಸಾಕಿದವರಿಗೆ ಈ ದಾರಿ ಕಷ್ಟ. ಅವು ಕಾವಿಗೆ ಕೂರುವುದು ಅಪರೂಪ. ಒಂದೆರಡು ಊರ ಹೇಂಟೆಗಳನ್ನು ಜೊತೆಗಿಟ್ಟುಕೊಳ್ಳಿ. ಇನ್ನೊಂದು ಮಾತು, ಗಿರಿರಾಜದ ಮರಿಗಳನ್ನೇ ಮತ್ತೆ ಕೂಡಿಸಿ ಮಾಡಿದ ಮರಿಗಳು ತಾಯ್ತಂದೆಯಂತೆ ಬರುವುದಿಲ್ಲ.

ಮರಿ ಮಾಡಿಸಲು ದೀಪಾವಳಿಯಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಜೂನ್‌ನಿಂದ ಆಟಿ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ಬೇಡ. ಆ ಮಳೆಗೆ ಹಾಸು ಒಣಗುವುದಿಲ್ಲ, ಒದ್ದೆ ಹಾಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬಂದು ಮರಿಗಳು ರಕ್ತ ಬೆರೆತ ಬೇಧಿಯಿಂದ ಸಾಯುತ್ತವೆ.

ಗಂಡುಮರಿಯ ತೊಂದರೆಯೇ ಬೇಡ ಎನ್ನುವವರು ಎರಡು ಮೂರು ತಿಂಗಳ, ಹೆಣ್ಣೆಂದು ಗುರುತಾದ ಮರಿಗಳನ್ನೇ ಕೊಳ್ಳಿ. ಕಂಕನಾಡಿ ಮತ್ತು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಹತ್ತಿರದ ಪಶು ಆಸ್ಪತ್ರೆಯಲ್ಲೂ ವಿಚಾರಿಸಿದರೆ ಮರಿ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ.

ಹೆಜ್ಜೆ 7: ಸಾಕುವುದೇ ಎಂದಾದರೆ

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಇರಬೇಕು. ಮೂರು ನಾಲ್ಕು ಹೇಂಟೆಗಳ ನಡುವೆ ಬಿಟ್ಟರೆ ಅವುಗಳ ಬೆನ್ನು ಬೋಳಾಗುತ್ತದೆ. ಗಾತ್ರವೂ ಹೊಂದಬೇಕು: ಮೂರೂವರೆ ಕಿಲೋ ತೂಗುವ ಗಿರಿರಾಜ ಹುಂಜವನ್ನು ಒಂದೂಕಾಲು ಕಿಲೋದ ಊರ ಹೇಂಟೆಗಳ ಜೊತೆ ಬಿಡುವುದು ಹಿಂಸೆ.

ಆರಿಸುವಾಗ ಬಣ್ಣಕ್ಕಿಂತ ಗುಣ ನೋಡಿ. ಒಂದು ವರ್ಷ ದಾಟಿದ, ಹೇಂಟೆಗಳ ಜೊತೆಯಲ್ಲೇ ಬೆಳೆದ, ಆಹಾರ ಸಿಕ್ಕಾಗ ಕರೆದು ಕೊಡುವ, ಮನುಷ್ಯರು ಬಂದರೆ ದಾರಿ ಬಿಡುವ ಹುಂಜ ಸಿಕ್ಕರೆ ಅದೇ ಉತ್ತಮ. ಒಂಟಿಯಾಗಿ ಕೈಯಲ್ಲೇ ಮುದ್ದಾಗಿ ಬೆಳೆದ ಹುಂಜ ಮುಂದೆ ಮನುಷ್ಯರನ್ನೇ ಎದುರಾಳಿ ಎಂದು ತಿಳಿದು ಹಾರಿ ಬರುವ ಸಂಭವ ಹೆಚ್ಚು. ರೆಕ್ಕೆ ಇಳಿಬಿಟ್ಟು, ಓರೆಯಾಗಿ ಹೆಜ್ಜೆಯಿಡುತ್ತಾ ಸುತ್ತುವುದು ಅದರ ಮೊದಲ ಎಚ್ಚರಿಕೆ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಅಂಥ ಹುಂಜವನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಕಾಲಿನ ಮುಳ್ಳು ತಾಗುವುದು ಮಗುವಿನ ಕಣ್ಣಿನ ಎತ್ತರಕ್ಕೆ. ಆ ಸ್ವಭಾವ ಮರಿಗಳಿಗೂ ಬರುತ್ತದೆ, ಆದ್ದರಿಂದ ಅದರಿಂದ ಮರಿ ಮಾಡಿಸುವುದೂ ಬೇಡ.

ತಂದ ಹುಂಜವನ್ನು ಕನಿಷ್ಠ ಮೂರು ವಾರ ಬೇರೆ ಗೂಡಿನಲ್ಲಿಡಿ. ಮೂಗು, ಕಣ್ಣು ಸೋರುತ್ತಿದೆಯೇ, ರೆಕ್ಕೆಯಡಿ ಹೇನಿದೆಯೇ ನೋಡಿ. ಕಾಲಿನ ಹುರುಪೆ ಎದ್ದಿದ್ದರೆ ಅದು ನುಸಿಯ ಕಾಟ. ಬೆಚ್ಚಗಿನ ನೀರಿನಲ್ಲಿ ತೊಳೆದು ತೆಂಗಿನೆಣ್ಣೆಯನ್ನು ಕೆಲವು ವಾರ ಹಚ್ಚಿದರೆ ಹೋಗುತ್ತದೆ. ಕೋಳಿಗಳಿಗೆ ಬರುವ ಮಾರಕ ರಾಣಿಖೇತ್ ರೋಗದ ಲಸಿಕೆ ತಪ್ಪಿಸಬೇಡಿ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ಲಸಿಕೆ ಸೀಸೆ ಹೆಚ್ಚಾಗಿ ನೂರು ಕೋಳಿಗಳ ಲೆಕ್ಕದಲ್ಲಿ ಬರುವುದರಿಂದ, ಬೀದಿಯ ಕೋಳಿ ಸಾಕುವವರೆಲ್ಲ ಒಂದು ದಿನ ಗೊತ್ತುಮಾಡಿ ಒಟ್ಟಿಗೆ ಹಾಕಿಸಿದರೆ ವ್ಯರ್ಥವಾಗದು.

ಆಹಾರದಲ್ಲಿ ಒಂದು ಸೂಕ್ಷ್ಮವಿದೆ. ಮೊಟ್ಟೆ ಕೋಳಿಯ ಫೀಡ್‌ನಲ್ಲಿ ಶೇಕಡ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಹುಂಜಕ್ಕೆ ಅಷ್ಟು ಬೇಡ, ದೀರ್ಘಕಾಲ ತಿಂದರೆ ಮೂತ್ರಪಿಂಡಕ್ಕೆ ಭಾರ. ಎಲ್ಲಕ್ಕೂ ಬೆಳೆಯುವ ಕೋಳಿಯ ಫೀಡ್ ಕೊಟ್ಟು, ಮರುವಾಯಿ ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿ ಬೇರೆ ಪಾತ್ರೆಯಲ್ಲಿಡಿ. ಹೇಂಟೆಗಳು ಬೇಕಾದಷ್ಟು ತಿನ್ನುತ್ತವೆ, ಹುಂಜ ಅದರ ಕಡೆ ಹೆಚ್ಚು ಹೋಗುವುದಿಲ್ಲ. ಹುಂಜದ ಊಟ ದಿನಕ್ಕೆ 130 ಗ್ರಾಂ ಎಂದು ಹಿಡಿದರೂ ವರ್ಷಕ್ಕೆ 47 ಕಿಲೋ.

ಕೂಗನ್ನು ಪೂರ್ತಿ ನಿಲ್ಲಿಸಲಾಗದು, ಕಡಿಮೆ ಮಾಡಬಹುದು. ಗೂಡು ಕೆಂಪು ಕಲ್ಲಿನದಾಗಿರಲಿ, ಬಾಗಿಲು ನಿಮ್ಮ ಮನೆಯ ಕಡೆಗಿರಲಿ, ಬೀದಿದೀಪ ಒಳಗೆ ಬೀಳದಿರಲಿ. ರಾತ್ರಿ ಹುಂಜವೊಂದನ್ನೇ ಕತ್ತಲೆಯ ಸಣ್ಣ ಕೋಣೆಯಲ್ಲಿಟ್ಟು ಆರೂವರೆಗೆ ಬಿಡುವ ಕ್ರಮ ಹಲವರಿಗೆ ಉಪಯೋಗವಾಗಿದೆ. ಆದರೆ ನಮ್ಮ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆ ಕೊಲ್ಲುತ್ತದೆ. ಹಂಚಿನಡಿ ಗಾಳಿ ಆಡುವ ಕಿಂಡಿ ಬಿಟ್ಟು, ಅದರ ಎದುರು ಅರ್ಧ ಅಡಿ ದೂರದಲ್ಲಿ ಹಲಗೆ ನಿಲ್ಲಿಸಿದರೆ ಗಾಳಿ ಬರುತ್ತದೆ, ಬೆಳಕು ಬರುವುದಿಲ್ಲ. ಕೂಗದಂತೆ ಕುತ್ತಿಗೆಗೆ ಬಿಗಿಯುವ ಪಟ್ಟಿ ಮಾರುತ್ತಾರೆ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಿಸಿಕೊಳ್ಳುವ ಹಕ್ಕಿಗೆ ಅದನ್ನು ಕಟ್ಟಬೇಡಿ.

ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜದೊಂದಿಗೆ ಅದಲುಬದಲು ಮಾಡಿ. ತಂದೆ ತನ್ನ ಮಗಳನ್ನೇ ಕೂಡುವುದು ತಲೆಮಾರುಗಟ್ಟಲೆ ನಡೆದರೆ ಮೊಟ್ಟೆ ಒಡೆಯದಿರುವುದು, ಮರಿ ಬಲಹೀನವಾಗುವುದು ಹೆಚ್ಚುತ್ತದೆ.

ಹೆಜ್ಜೆ 8: ತಿಂಗಳ ನಂತರ ಮತ್ತೆ ತೀರ್ಮಾನಿಸಿ

ಹೇಂಟೆಗಳ ಬೆನ್ನು ಮುಟ್ಟಿ ನೋಡಿ, ನೆರೆಯವರನ್ನು ಕೇಳಿ, ಮನೆಯ ಮಕ್ಕಳು ಹಿತ್ತಲಿಗೆ ಹೆದರದೆ ಹೋಗುತ್ತಿದ್ದಾರೆಯೇ ಗಮನಿಸಿ. ಈ ಮೂರರಲ್ಲಿ ಒಂದು ತಪ್ಪಿದರೂ ಹುಂಜವನ್ನು ಕಳುಹಿಸಿಬಿಡಿ. ರಸ್ತೆಬದಿಯಲ್ಲೋ ಕಾಡಂಚಿನಲ್ಲೋ ಬಿಟ್ಟು ಬರುವುದು ಮಾತ್ರ ಬೇಡ, ಸಾಕಿದ ಹುಂಜ ಅಲ್ಲಿ ಎರಡು ದಿನ ಬದುಕದು. ಹುಂಜ ಹೋದ ಮೇಲೆ ಒಂದೆರಡು ವಾರ ಹೇಂಟೆಗಳು ಬೆದರಿ, ಒಂದನ್ನೊಂದು ಕುಟುಕಿ, ಯಜಮಾನಿಕೆಯನ್ನು ಹೊಸದಾಗಿ ಹಂಚಿಕೊಳ್ಳುತ್ತವೆ. ಮುಖ್ಯ ಹೇಂಟೆಯೇ ಕಾವಲಿಗೆ ನಿಲ್ಲುವುದುಂಟು, ಅಪರೂಪಕ್ಕೆ ಕೂಗುವುದೂ ಉಂಟು. ಅದನ್ನು ಅಪಶಕುನವೆಂದು ಆ ಹೇಂಟೆಯನ್ನು ಕೊಲ್ಲಬೇಡಿ. ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಉಳಿಯುತ್ತದೆ. ಅಷ್ಟು ದಿನ ಮೊಟ್ಟೆಯನ್ನು ಮೊದಲಿನಂತೆಯೇ ದಿನಕ್ಕೆರಡು ಬಾರಿ ಎತ್ತಿ ಫ್ರಿಜ್‌ನಲ್ಲಿಡಿ.